ಡಬ್ಬಗಳ್ಳಿ ನಡೆದು ಬಂದ ದಾರಿ



ಆಲಮೇಲ, ಸಿಂದಗಿ, ಇಂಡಿಯ ಕಡೆ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಡಬ್ಬಗಳ್ಳಿಯನ್ನು ನೀವು ನೋಡಿರಬಹುದು. ಪಾಪಾಸುಕಳ್ಳಿ ಎನ್ನುವುದೂ ಇದನ್ನೇ. ಇದು ನಮ್ಮ ನೆಲದ್ದೇ ಗಿಡ ಎನಿಸಿದರೂ ಇದರ ತವರು ಅಮೆರಿಕ ಖಂಡ. ನಮ್ಮ ಹಾಲುಗಳ್ಳಿಯನ್ನು ಗೀರಿದರೆ ಬಿಳಿ ಹಾಲು ಒಸರುತ್ತದೆ, ಡಬ್ಬಗಳ್ಳಿಯಲ್ಲಿ ಹಾಲಿಲ್ಲ. ಹೆಸರಿನಲ್ಲಿ ಎರಡೂ ಕಳ್ಳಿ, ಆದರೆ ಕುಲ ಬೇರೆ ಬೇರೆ.

ಇಂಥ ಮುಳ್ಳಿನ ಗಿಡವನ್ನು ಬೇಕೆಂದೇ ಬೆಳೆಸಿದವರು ಯಾರು? ಏತಕ್ಕಾಗಿ? ಉತ್ತರ, ಕೆಂಪು ಬಣ್ಣ. ಈ ಕಳ್ಳಿಯ ರಸ ಹೀರುವ ಕೊಚಿನೀಲ್ ಎಂಬ ಪುಟ್ಟ ಕೀಟದಲ್ಲಿ ಕಾರ್ಮಿನಿಕ್ ಆಮ್ಲವಿದೆ. ಬಟ್ಟೆಗೆ ಕಡುಗೆಂಪು ಬಣ್ಣ ಕೊಡುವುದು ಅದೇ. ಈ ವ್ಯಾಪಾರ ಮೆಕ್ಸಿಕೋವನ್ನು ಆಳುತ್ತಿದ್ದ ಸ್ಪೇನಿನ ಹಿಡಿತದಲ್ಲಿತ್ತು. ಅದನ್ನು ಮುರಿಯಬೇಕೆಂಬುದು ಈಸ್ಟ್ ಇಂಡಿಯಾ ಕಂಪನಿಯ ಆಸೆ. 1780ರ ದಶಕದ ಕೊನೆಯಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲಿನಿಂದ ಕೀಟವನ್ನು ಬಂಗಾಳಕ್ಕೆ ತಂದರು. ಆದರೆ ಬಂದದ್ದು ಉತ್ತಮ ಬಣ್ಣದ ಕೀಟವಲ್ಲ, ಅದರ ಕಾಡು ದಾಯಾದಿ. ಬಣ್ಣ ಕೈಗೂಡಲಿಲ್ಲ, ಕೀಟ ಮಾತ್ರ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸತೊಡಗಿತು.

ಕಳ್ಳಿಯನ್ನು ಕಡಿದು ಏಕೆ ನಾಶ ಮಾಡಲಾಗಲಿಲ್ಲ? ನಾವು ಎಲೆ ಎನ್ನುವ ಆ ದಪ್ಪ ಹಲಗೆ ನಿಜವಾಗಿ ಕಾಂಡ. ಕಡಿದು ಬಿಸಾಡಿದ ಪ್ರತಿ ತುಂಡೂ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಕೊಡಲಿ ಸೋತ ಕಡೆ ಕೀಟ ಗೆದ್ದಿತು. 1836ರಿಂದ 1838ರ ನಡುವೆ ಆ ಕೀಟವನ್ನು ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದಕ್ಕೆ ಬಗ್ಗದ ಬೇರೆ ಜಾತಿಗಳು ಮುಂದೆ ಹಬ್ಬಿದಾಗ, 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಕೊಚಿನೀಲ್ ಕೀಟ ಬಂದಿತು. ಕೆಲವೇ ವರ್ಷಗಳಲ್ಲಿ ಆ ಕಳ್ಳಿಯೂ ಹಿಮ್ಮೆಟ್ಟಿತು.

ಈಗ ಕಥೆ ತಿರುವು ಪಡೆದಿದೆ. ರಾತ್ರಿಯಷ್ಟೇ ಪತ್ರರಂಧ್ರ ತೆರೆದು ನೀರು ಉಳಿಸುವ ಈ ಗಿಡದ ಮುಳ್ಳಿಲ್ಲದ ತಳಿಗಳನ್ನು ಒಣನಾಡಿನಲ್ಲಿ ಮೇವಿಗಾಗಿ ಬೆಳೆಸಲು ಸರ್ಕಾರವೇ ಪ್ರೋತ್ಸಾಹಿಸುತ್ತಿದೆ. ನೆಡುವ ರೀತಿ ಸುಲಭ: ಬಲಿತ ಹಲಗೆಯನ್ನು ಗೆಣ್ಣಿನಲ್ಲಿ ಕತ್ತರಿಸಿ, ಗಾಯ ಒಣಗುವವರೆಗೆ ಒಂದೆರಡು ವಾರ ನೆರಳಿನಲ್ಲಿಟ್ಟು, ಮೂರನೇ ಒಂದು ಭಾಗ ಹೂಳುವಂತೆ ನೆಡಬೇಕು. ನಮ್ಮ ಎರೆಭೂಮಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ, ಏರುಮಡಿ ಬೇಕು. ಮಲೆನಾಡಿನ ಮಳೆಯಲ್ಲಾದರೆ ಸೂರಿನಡಿಯ ಕುಂಡವೇ ಲೇಸು. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಮುಗಿಯುವವರೆಗೆ ಒಳಗಿಟ್ಟು ನೀರು ತೀರಾ ಕಡಿಮೆ ಮಾಡುತ್ತಾರೆ.

ಆದರೆ 1926ರಲ್ಲಿ ನಮ್ಮ ಹೊಲಗಳನ್ನು ಉಳಿಸಿದ ಕೀಟವೇ 2014ರಲ್ಲಿ ಮೊರಾಕ್ಕೋದಲ್ಲಿ ಕಾಣಿಸಿಕೊಂಡು ರೈತರ ಕಳ್ಳಿತೋಟಗಳನ್ನು ಹಾಳುಗೆಡವಿತು. ಒಬ್ಬರ ಕಳೆ ಇನ್ನೊಬ್ಬರ ಬೆಳೆ. ಆದ್ದರಿಂದ ತುಂಡು ನೆಡುವ ಮೊದಲು ಜಾತಿ ಯಾವುದೆಂದು ಕೇಳಿ ತಿಳಿಯಿರಿ. ಹಲಗೆಯ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ ಇದೆಯೇ ನೋಡಿ. ಅದನ್ನು ಕಡ್ಡಿಯಿಂದ ಒತ್ತಿದಾಗ ಕೆಂಪು ಬಣ್ಣ ಬಂದರೆ, ಕಂಪನಿ ಸಮುದ್ರ ದಾಟಿ ಹುಡುಕಿದ ಬಣ್ಣದ ಬಳಗವೇ ನಿಮ್ಮ ಮುಂದಿದೆ ಎಂದು ತಿಳಿಯಿರಿ.