ಹೆಜ್ಜೆ ಮತ್ತು ಘರ್ಷಣೆ: ಗೋಕಾಕ ಫಾಲ್ಸ್ ಕಲಿಸುವ ಪಾಠ

ಗೋಕಾಕ ಫಾಲ್ಸ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೂರು ದೃಶ್ಯಗಳು. ಮರಳುಗಲ್ಲಿನ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುವ ಘಟಪ್ರಭೆ, 1885ರಲ್ಲಿ ಆರಂಭವಾದ ನೂಲಿನ ಗಿರಣಿ ಮತ್ತು ನದಿಯ ಮೇಲೆ ಸುಮಾರು 200 ಮೀಟರ್ ಉದ್ದಕ್ಕೆ ಹರಡಿದ ತೂಗುಸೇತುವೆ. ಚಿಕ್ಕವನಿದ್ದಾಗ ನಾನು ಈ ಸೇತುವೆಯ ಮೇಲೆ ತಂದೆಯವರ ಕೈ ಹಿಡಿದು ನಡೆದಿದ್ದೆ. ಕಾಲ ಕೆಳಗಿನ ಹಲಗೆ ಅಲುಗಾಡಿದಾಗ ಹೆದರಿ ನಿಂತುಬಿಟ್ಟೆ. "ಓಡಬ್ಯಾಡ, ಸಣ್ಣ ಹೆಜ್ಜಿ ಇಡು" ಎಂದರು ಅವರು. ಆ ಮಾತಿನಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದು ನನಗೆ ತಿಳಿದದ್ದು ಶಿಕ್ಷಕನಾದ ಮೇಲೆ.

ಉರ್ದುವಿನಲ್ಲಿ ಘರ್ಷಣೆಗೆ 'ರಗಡ್' ಎನ್ನುತ್ತಾರೆ. ತರಗತಿಯಲ್ಲಿ ಈ ಪದ ಹೇಳಿದರೆ ಮಕ್ಕಳು ನಗುತ್ತಾರೆ, ಏಕೆಂದರೆ ನಮ್ಮ ಭಾಗದ ಕನ್ನಡದಲ್ಲಿ 'ರಗಡ' ಎಂದರೆ ಬೇಕಾದಷ್ಟು ಎಂದರ್ಥ. ನಾನು ಅವರಿಗೆ ಹೇಳುವುದಿಷ್ಟು: ನಡೆಯುವವನಿಗೆ ರಗಡ್ ರಗಡ ಇರಬೇಕು, ಇಲ್ಲದಿದ್ದರೆ ಬೀಳುವುದು ಖಂಡಿತ!

ಚಲನೆಯ ಬಗ್ಗೆ ಮನುಷ್ಯನ ವಿಚಾರ ಬಹಳ ಹಳೆಯದು. ತಳ್ಳುವವರು ಇರುವವರೆಗೆ ಮಾತ್ರ ವಸ್ತು ಚಲಿಸುತ್ತದೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಭಾವಿಸಿದ್ದನು. ಬುಖಾರಾ ಬಳಿ ಜನಿಸಿದ ಇಬ್ನ್ ಸೀನಾ (980–1037) ತನ್ನ 'ಕಿತಾಬ್ ಅಲ್-ಶಿಫಾ' ಗ್ರಂಥದಲ್ಲಿ ಬೇರೆ ರೀತಿಯಲ್ಲಿ ಯೋಚಿಸಿದನು. ಎಸೆದ ವಸ್ತು ಒಂದು ಒಲವನ್ನು, ಅಂದರೆ 'ಮೈಲ್' ಅನ್ನು ಪಡೆಯುತ್ತದೆ. ಎದುರಿನ ಅಡ್ಡಿಯೇ ಅದನ್ನು ಕುಗ್ಗಿಸುತ್ತದೆ ಎಂಬುದು ಅವನ ವಾದ. ಮುಂದೆ ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ ಅಳತೆ ಮಾಡಿದನು. 1687ರಲ್ಲಿ ನ್ಯೂಟನ್ ಚಲನೆಯ ಮೂರು ನಿಯಮಗಳನ್ನು ಪ್ರಕಟಿಸಿದನು. ಜ್ಞಾನವೆಂಬುದು ಒಂದೇ ಊರಿನ ಅಥವಾ ಒಂದೇ ಜನಾಂಗದ ಸ್ವತ್ತಲ್ಲ, ಅದು ಕೈಯಿಂದ ಕೈಗೆ ದಾಟಿ ಬಂದ ದೀಪ.

ನ್ಯೂಟನ್ನನ ಮೂರನೆಯ ನಿಯಮವೇ ನಮ್ಮ ನಡಿಗೆಯ ಗುಟ್ಟು. ನಾವು ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತೇವೆ, ನೆಲ ನಮ್ಮನ್ನು ಮುಂದಕ್ಕೆ ಒತ್ತುತ್ತದೆ. ಈ ಕೊಡುಕೊಳ್ಳುವಿಕೆಗೆ ಮಧ್ಯಸ್ಥನೇ ಘರ್ಷಣೆ. ಅದು ಇಲ್ಲದಿದ್ದರೆ ಕಾಲು ಇದ್ದಲ್ಲೇ ಜಾರುತ್ತದೆ.

ಘರ್ಷಣೆಯ ನಿಯಮಗಳನ್ನು ಮೊದಲು ಗುರುತಿಸಿದವನು ಲಿಯೊನಾರ್ಡೊ ಡ ವಿಂಚಿ (1452–1519). ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟಾಗುತ್ತದೆ, ತಾಗುವ ಮೈ ಅಗಲವೋ ಕಿರಿದೋ ಎಂಬುದರಿಂದ ವ್ಯತ್ಯಾಸವಾಗದು ಎಂದು ಅವನು ಕಂಡುಕೊಂಡಿದ್ದನು. ಆದರೆ ಅವನ ಟಿಪ್ಪಣಿಗಳು ಪ್ರಕಟವಾಗದೆ ಉಳಿದವು. ಫ್ರಾನ್ಸಿನ ಅಮೊಂಟನ್ 1699ರಲ್ಲಿ ಅದೇ ನಿಯಮಗಳನ್ನು ಮತ್ತೆ ಕಂಡುಹಿಡಿಯಬೇಕಾಯಿತು. ಕಲಿತದ್ದನ್ನು ಇತರರಿಗೆ ಹಂಚದಿದ್ದರೆ ಎಷ್ಟು ಕಾಲ ವ್ಯರ್ಥವಾಗುತ್ತದೆ ನೋಡಿ! ಅದೇ ದೇಶದ ಕೂಲಂಬ್ 1785ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ನಿಂತ ವಸ್ತುವಿನ ಘರ್ಷಣೆಯನ್ನೂ ಜಾರುತ್ತಿರುವ ವಸ್ತುವಿನ ಘರ್ಷಣೆಯನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದನು. ಸಾಮಾನ್ಯವಾಗಿ ಎರಡನೆಯದು ಕಡಿಮೆ. ಆದ್ದರಿಂದಲೇ ಕಾಲು ಒಮ್ಮೆ ಜಾರಿತೆಂದರೆ ತಡೆದು ನಿಲ್ಲುವುದು ಕಷ್ಟ.

ನಮ್ಮ ಗಿರಣಿಯ ನೂಲೂ ಇದೇ ಮಾತನ್ನು ಹೇಳುತ್ತದೆ. ಹತ್ತಿಯ ಎಳೆಯ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ. ಅಂಟು ಹಚ್ಚದೆ ಇಷ್ಟು ಗಿಡ್ಡ ಎಳೆಗಳಿಂದ ಮೈಲುಗಟ್ಟಲೆ ನೂಲು ಹೇಗೆ ಬರುತ್ತದೆ? ಹುರಿ ಹಾಕಿದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ, ಒತ್ತಡದಿಂದ ಘರ್ಷಣೆ ಹೆಚ್ಚುತ್ತದೆ. ನಾವು ತೊಟ್ಟ ಅಂಗಿಯ ನೂಲು ಗಟ್ಟಿಯಾಗಿ ನಿಂತಿರುವುದು ಘರ್ಷಣೆಯ ಆಸರೆಯಿಂದಲೇ.

ಇನ್ನು ಸೇತುವೆಯ ವಿಷಯ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರಾಟನ್ ತೂಗುಸೇತುವೆಯ ಮೇಲೆ ಸೈನಿಕರು ತಾಳಬದ್ಧವಾಗಿ ಹೆಜ್ಜೆ ಹಾಕುತ್ತಾ ಹೊರಟಿದ್ದರು. ಎಲ್ಲರ ಹೆಜ್ಜೆಯ ಬಲ ಒಂದೇ ಕ್ಷಣಕ್ಕೆ ಬಿದ್ದು ತೂಗಾಟ ಹೆಚ್ಚಿತು, ಸೇತುವೆ ಮುರಿದು ಹಲವರು ಗಾಯಗೊಂಡರು. ಅಂದಿನಿಂದ ಸೇತುವೆ ಬಂದಾಗ ಸೈನಿಕರು ಹೆಜ್ಜೆಯ ತಾಳ ಮುರಿಯಬೇಕೆಂಬ ಆಜ್ಞೆ ಬಂತು. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್ 10ರಂದು ತೆರೆದಾಗಲೂ ಜನರ ಹೆಜ್ಜೆಗೆ ಅದು ಅತ್ತಿತ್ತ ಓಲಾಡಿತು. ನಡೆಯುವಾಗ ನಾವು ನೆಲವನ್ನು ಪಕ್ಕಕ್ಕೂ ಸ್ವಲ್ಪ ಒತ್ತುತ್ತೇವೆ. ಓಲಾಟಕ್ಕೆ ತಕ್ಕಂತೆ ಜನ ತಮ್ಮ ಸಮತೋಲ ಸರಿಪಡಿಸಿಕೊಂಡಷ್ಟೂ ಓಲಾಟ ಬೆಳೆಯಿತು. ಎರಡೇ ದಿನಕ್ಕೆ ಅದನ್ನು ಮುಚ್ಚಿ, ಕಂಪನ ಹೀರುವ ಸಾಧನಗಳನ್ನು ಅಳವಡಿಸಿ, 2002ರಲ್ಲಿ ಪುನಃ ತೆರೆದರು. ತೂಗುಸೇತುವೆಯ ಮೇಲೆ ಗುಂಪಾಗಿ ಜಿಗಿಯುವ ಹುಡುಗರು ಇದನ್ನು ನೆನಪಿಡಬೇಕು.

ವಿದ್ಯಾರ್ಥಿಗಳೇ, ಈಗ ಮುಖ್ಯ ಮಾತಿಗೆ ಬರೋಣ. ಮಳೆಗಾಲದಲ್ಲಿ ಫಾಲ್ಸ್ ನೋಡಲು ಹೋಗುವವರು ಬಂಡೆಯ ಅಂಚಿಗೆ ಹೋಗಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. "ನನ್ನ ಮೈ ಭಾರ ಐತಿ, ನಾ ಜಾರೂದಿಲ್ಲ" ಎನ್ನುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಭಾರ ಹೆಚ್ಚಿದರೆ ಘರ್ಷಣೆ ಹೆಚ್ಚುವುದು ನಿಜ, ಆದರೆ ಆ ದೇಹವನ್ನು ತಡೆಯಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಸಮತಟ್ಟು ನೆಲದಲ್ಲಿ ಸಾಮಾನ್ಯವಾಗಿ ನಡೆಯುವಾಗ ಪಾದ ನೆಲವನ್ನು ಅಡ್ಡಲಾಗಿ ಒತ್ತುವ ಬಲ, ಕೆಳಗೆ ಒತ್ತುವ ಬಲದ ಸುಮಾರು ಐದನೆಯ ಒಂದು ಭಾಗವಿರುತ್ತದೆ. ಒಣ ಬಂಡೆ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಪಾಚಿ ಮತ್ತು ನೀರಿನ ತೆಳುಪದರ ಅಂಗಾಲಿಗೂ ಕಲ್ಲಿಗೂ ನಡುವೆ ಬಂದರೆ ತಡೆಯುವ ಶಕ್ತಿ ಕುಸಿಯುತ್ತದೆ. ದೊಡ್ಡ ಹೆಜ್ಜೆ ಹಾಕಿದರೆ ಕಾಲು ಹೆಚ್ಚು ಓರೆಯಾಗಿ, ಅಡ್ಡ ಬಲ ಹೆಚ್ಚುತ್ತದೆ. ಸಣ್ಣ ಹೆಜ್ಜೆಯಲ್ಲಿ ಕಾಲು ನೆಟ್ಟಗಿರುತ್ತದೆ, ಅಡ್ಡ ಬಲ ಕಡಿಮೆಯಾಗುತ್ತದೆ. ತಂದೆಯವರ ಮಾತಿನ ಅರ್ಥ ಇದೇ.

ಹರಿಯುವ ನೀರು ಇನ್ನೂ ಅಪಾಯಕಾರಿ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಅದೇ ಸಮಯಕ್ಕೆ ನೀರು ದೇಹವನ್ನು ಮೇಲಕ್ಕೆ ಎತ್ತುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ಪಾದದ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದರೊಂದಿಗೆ ಘರ್ಷಣೆಯೂ ಇಳಿಯುತ್ತದೆ. ನೂಕುವವನು ಬಲಿಷ್ಠನಾಗಿ, ಹಿಡಿಯುವವನು ದುರ್ಬಲನಾದರೆ ಗತಿ ಏನು? ಈಜು ಬಲ್ಲವರೂ ಕೊಚ್ಚಿಹೋಗುವುದು ಹೀಗೆಯೇ.

ಭೌತವಿಜ್ಞಾನವನ್ನು ಕೇವಲ ಅಂಕ ಗಳಿಸಲು ಓದುವವರು ಅನೇಕರಿದ್ದಾರೆ. ಆದರೆ ಈ ಪಾಠದಲ್ಲಿ ತಪ್ಪಿದವನಿಗೆ ಮರುಪರೀಕ್ಷೆ ಇಲ್ಲ. ಫಾಲ್ಸ್‌ಗೆ ಹೋಗಿರಿ, ಕಣ್ತುಂಬ ನೋಡಿರಿ. ಆದರೆ ಒದ್ದೆ ಬಂಡೆಯಿಂದ ದೂರ ನಿಲ್ಲಿರಿ, ತಮ್ಮ ತಂಗಿಯರ ಕೈ ಬಿಡಬೇಡಿರಿ. ಮನೆಯಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ ಎಂಬುದನ್ನು ಮರೆಯದಿರಿ.