ಸಂತ ಜೆರೋಮರ ಹಬ್ಬ ಮತ್ತು ನಮ್ಮ ನಿಘಂಟುಗಳು

ಸೆಪ್ಟೆಂಬರ್ 30 ಸಂತ ಜೆರೋಮರ ಹಬ್ಬ. ಕಳೆದ ವರ್ಷ ಈ ಹಬ್ಬದ ಹಿಂದಿನ ಭಾನುವಾರ ನಾವು ರಾಮನಾಥಪುರದ ಕಡೆಯ ಮಕ್ಕಳೊಂದಿಗೆ ಧರ್ಮೋಪದೇಶದ ತರಗತಿಯಲ್ಲಿ ಕುಳಿತಿದ್ದೆವು. ಅಂದಿನ ಪಾಠ ಪ್ರವಾದಿ ಯೋನನದು. ನಿನೆವೆ ಪಟ್ಟಣದ ಹೊರಗೆ ಬಿಸಿಲಿನಲ್ಲಿ ಕುಳಿತಿದ್ದ ಪ್ರವಾದಿಗೆ ನೆರಳಾಗಲೆಂದು ದೇವರು ಒಂದೇ ರಾತ್ರಿಯಲ್ಲಿ ಬೆಳೆಸಿದ ಗಿಡ ಯಾವುದೆಂದು ಒಬ್ಬ ಹುಡುಗ ಕೇಳಿದ. "ಅದು ಔಡಲದ ಗಿಡವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ" ಎಂದರು ಪಾಠ ಮಾಡುತ್ತಿದ್ದ ಟೀಚರ್. ಹುಡುಗನಿಗೆ ಔಡಲ ಗೊತ್ತಿಲ್ಲ. ಪಕ್ಕದ ಹುಡುಗಿ ಫೋನಿನಲ್ಲಿ ಹುಡುಕಿ, "ಕ್ಯಾಸ್ಟರ್ ಪ್ಲಾಂಟ್" ಎಂದು ಓದಿದಳು. ಅದೂ ಅವನಿಗೆ ತಿಳಿಯಲಿಲ್ಲ. ಆಗ ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು, "ಹರಳು ಗಿಡ ಕಣ್ ಮಗ. ನಮ್ಮ ಹೊಗೆಸೊಪ್ಪಿನ ಹೊಲದ ಬದೀಲಿ ಇಲ್ವಾ? ಹರಳೆಣ್ಣೆ ತೆಗೆಯೋದು ಅದ್ರಲ್ಲೇ" ಎಂದರು. ಇಡೀ ತರಗತಿಯ ಮುಖ ಅರಳಿತು.

ಆ ಅಜ್ಜಿಗೆ ತಿಳಿದಿರಲಿಲ್ಲ, ಇದೇ ಗಿಡ 1600 ವರ್ಷಗಳ ಹಿಂದೆ ಸಂತ ಜೆರೋಮರನ್ನೂ ಕಾಡಿತ್ತೆಂದು. 382ರಲ್ಲಿ ಜಗದ್ಗುರು ದಮಾಸುಸರು ಲ್ಯಾಟಿನ್ ಶುಭಸಂದೇಶಗಳನ್ನು ಪರಿಷ್ಕರಿಸುವ ಹೊಣೆಯನ್ನು ಜೆರೋಮರಿಗೆ ವಹಿಸಿದರು. 386ರಿಂದ ಅವರು ಬೆತ್ಲೆಹೇಮಿನಲ್ಲಿ ನೆಲೆಸಿ ಹಳೆಯ ಒಡಂಬಡಿಕೆಯನ್ನು ಹಿಬ್ರೂ ಮೂಲದಿಂದಲೇ ಅನುವಾದಿಸತೊಡಗಿದರು. ಹಿಬ್ರೂ ಕಲಿಯಲು ಅವರಿಗೆ ನಮ್ಮ ಕೈಗೆ ಸಿಗುವಂಥ ನಿಘಂಟು ಇರಲಿಲ್ಲ. ಯೆಹೂದ್ಯ ಗುರುವೊಬ್ಬರು ತಮ್ಮವರಿಗೆ ಹೆದರಿ ರಾತ್ರಿ ವೇಳೆ ಬಂದು ಪಾಠ ಹೇಳುತ್ತಿದ್ದರು. ಆದ್ದರಿಂದಲೇ ಇರಬೇಕು, ಜೆರೋಮರು ಪವಿತ್ರ ಗ್ರಂಥದ ಹಿಬ್ರೂ ಹೆಸರುಗಳ ಅರ್ಥವನ್ನು ವಿವರಿಸುವ ಒಂದು ಕೋಶವನ್ನೂ ಸಿದ್ಧಪಡಿಸಿದರು. ಪವಿತ್ರ ಗ್ರಂಥದ ಅನುವಾದಕರು ನಿಘಂಟುಕಾರರೂ ಆಗಿದ್ದರು.

ಯೋನನ ಗಿಡಕ್ಕೆ ಹಿಬ್ರೂವಿನಲ್ಲಿ 'ಕೀಕಾಯೋನ್' ಎಂದು ಹೆಸರು. ಹಳೆಯ ಲ್ಯಾಟಿನ್ ಪಾಠದಲ್ಲಿ ಅದು ಸೋರೆಯಾಗಿತ್ತು. ಜೆರೋಮರು ಅದನ್ನು ಐವಿ ಎಂಬ ಬಳ್ಳಿಯ ಹೆಸರಿಗೆ ಬದಲಾಯಿಸಿದರು. ಇಂದಿನ ಲಿಬಿಯದ ಟ್ರಿಪೊಲಿಯಲ್ಲಿ ಧರ್ಮಾಧ್ಯಕ್ಷರೊಬ್ಬರು ಈ ಹೊಸ ಪಾಠವನ್ನು ಓದಿಸಿದಾಗ, ತಲೆಮಾರುಗಳಿಂದ ಕೇಳಿಬಂದ ಪದ ಬದಲಾಯಿತೆಂದು ದೇವಾಲಯದಲ್ಲೇ ಜನ ಗದ್ದಲವೆಬ್ಬಿಸಿದರು. ಈ ಸಂಗತಿಯನ್ನು ಸಂತ ಅಗಸ್ಟೀನರು 403ರಲ್ಲಿ ಜೆರೋಮರಿಗೆ ಪತ್ರ ಬರೆದು ತಿಳಿಸಿದರು. ಆ ಗಿಡಕ್ಕೆ ಲ್ಯಾಟಿನ್‌ನಲ್ಲಿ ಹೆಸರೇ ಇಲ್ಲ, ಹಾಗಾಗಿ ಹತ್ತಿರದ್ದೊಂದನ್ನು ಆರಿಸಿಕೊಂಡೆ ಎಂಬುದು ಜೆರೋಮರ ಸಮಾಧಾನ. ಒಂದು ಪದ ಜನರ ವಿಶ್ವಾಸಕ್ಕೆ ಎಷ್ಟು ಅಂಟಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜೆರೋಮರು 420ರಲ್ಲಿ ಬೆತ್ಲೆಹೇಮಿನಲ್ಲಿ ನಿಧನರಾದರು. ನಮ್ಮದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ರದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಅಲ್ಲಿಂದ ಮುಂದೆ ಕನ್ನಡಿಗರೂ ತಮ್ಮ ಪದಗಳನ್ನು ಕೂಡಿಡುತ್ತ ಬಂದರು. ರನ್ನಕಂದ, ಎರಡನೆಯ ನಾಗವರ್ಮನ ಅಭಿಧಾನ ವಸ್ತುಕೋಶ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲ ಪದ್ಯದಲ್ಲಿ ರಚಿತವಾದ ನಿಘಂಟುಗಳು. ಆಗ ಪದಗಳನ್ನು ಪುಟ ತಿರುವಿ ಹುಡುಕುತ್ತಿರಲಿಲ್ಲ. ಬಾಯಿಪಾಠ ಮಾಡಿ ಎದೆಯಲ್ಲಿಟ್ಟುಕೊಳ್ಳುತ್ತಿದ್ದರು.

ಸುವಾರ್ತೆಯನ್ನು ಹೊತ್ತು ಈ ನಾಡಿಗೆ ಬಂದವರ ಮುಂದೆಯೂ ಮೊದಲು ನಿಂತದ್ದು ಭಾಷೆಯ ಗೋಡೆಯೇ. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ಧರ್ಮೋಪದೇಶದ ಜೊತೆಗೆ ವ್ಯಾಕರಣವನ್ನೂ ಶಬ್ದಕೋಶವನ್ನೂ ಬರೆದರೆಂದು ಮಿಷನ್ ಇತಿಹಾಸ ಹೇಳುತ್ತದೆ. ಎರಡು ಶತಮಾನಗಳ ನಂತರ ಮೈಸೂರು ಸೀಮೆಯ ಧರ್ಮಾಧ್ಯಕ್ಷರಾಗಿದ್ದ ಫ್ರೆಂಚ್ ಮಿಷನರಿ ಶಾರ್ಬನೋರ ಕಾಲದಲ್ಲಿ ಬೆಂಗಳೂರಿನಲ್ಲಿ 1855ರಲ್ಲಿ ಕನ್ನಡ-ಲ್ಯಾಟಿನ್ ಕೋಶ, 1861ರಲ್ಲಿ ಲ್ಯಾಟಿನ್-ಕನ್ನಡ ಕೋಶ ಅಚ್ಚಾದವು. ಗುರುವಿದ್ಯಾರ್ಥಿಗಳು ಲ್ಯಾಟಿನ್‌ನಲ್ಲೇ ದೈವಶಾಸ್ತ್ರ ಕಲಿತು ಕನ್ನಡದಲ್ಲಿ ಬೋಧಿಸಬೇಕಿದ್ದ ಕಾಲವದು.

ನಮ್ಮ ಪ್ರಾಟೆಸ್ಟೆಂಟ್ ಸಹೋದರರ ಸೇವೆಯನ್ನೂ ಕೃತಜ್ಞತೆಯಿಂದ ನೆನೆಯಬೇಕು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824 ಮತ್ತು 1832ರಲ್ಲಿ ಎರಡು ಕೋಶಗಳನ್ನು ತಂದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟೆಲ್ಲರು ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದ್ದು 1894ರಲ್ಲಿ. ಸುಮಾರು 70,000 ಪದಗಳ ಆ ಹೊತ್ತಗೆಗೆ ಅವರು ತೆತ್ತದ್ದು ಅರ್ಧ ಆಯುಷ್ಯ. ಕಾವ್ಯಗಳಲ್ಲಿನ ಪದಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಅವರು ಅದರಲ್ಲಿ ಸೇರಿಸಿದರು. ಬೋಧಿಸಲು ಬಂದವರು ಮೊದಲು ಕಿವಿಗೊಟ್ಟು ಕೇಳಿದರು. ಅದೇ ಅವರ ದೊಡ್ಡತನ.

ಆಮೇಲೆ ಕನ್ನಡಿಗರೇ ಈ ಕೆಲಸವನ್ನು ಹೆಗಲಿಗೇರಿಸಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂತು. ಒಂದು ಪದ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂಬುದನ್ನು ಅದು ಉದಾಹರಣೆ ಸಹಿತ ತೋರಿಸುತ್ತದೆ. ಆ ಕಾರ್ಯದಲ್ಲಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಸಂದೇಹಗಳಿಗೆ ಉತ್ತರಿಸುತ್ತ ಬಂದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ಇನ್ನು ನಮ್ಮ ಕಾಲದ ಮಾತು. 2016ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ 'ಭಾರತವಾಣಿ' ಜಾಲತಾಣ ಆರಂಭವಾಗಿ, ಕನ್ನಡವೂ ಸೇರಿದಂತೆ ನಮ್ಮ ದೇಶದ ಹಲವು ಭಾಷೆಗಳ ನಿಘಂಟುಗಳು ಒಂದೇ ಕಡೆ ಸಿಗುವಂತಾಯಿತು. 2019ರಲ್ಲಿ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಜಾಲಕ್ಕೆ ಬಂತು. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ನಾಲ್ಕು ದಶಕ ದುಡಿದು ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು ಅದರಲ್ಲಿವೆ. ಕಾಗುಣಿತ ತುಸು ತಪ್ಪಿದರೂ ಉಚ್ಚಾರಣೆಯ ಹೋಲಿಕೆಯಿಂದ ಪದವನ್ನು ಹುಡುಕಿಕೊಡುವ ಏರ್ಪಾಡೂ ಇದೆ. ಇಷ್ಟೆಲ್ಲವನ್ನೂ ಅವರು ಎಲ್ಲರ ಬಳಕೆಗೆ ಉಚಿತವಾಗಿ ತೆರೆದಿಟ್ಟರು. ಉಚಿತವಾಗಿ ಪಡೆದುದನ್ನು ಉಚಿತವಾಗಿಯೇ ಕೊಡಿರೆಂದು ಪ್ರಭು ಯೇಸು ತಮ್ಮ ಶಿಷ್ಯರಿಗೆ ಹೇಳಿದ ಬುದ್ಧಿವಾದವನ್ನು ಬದುಕಿ ತೋರಿಸುವುದೆಂದರೆ ಇದೇ ಅಲ್ಲವೇ?

ಇಂದು ಅರಕಲಗೂಡಿನ ಹಳ್ಳಿಯ ವಿದ್ಯಾರ್ಥಿಯೊಬ್ಬ ಬಸ್ ನಿಲ್ದಾಣದಲ್ಲಿ ನಿಂತೇ ಒಂದು ಪದದ ಅರ್ಥ ನೋಡಬಲ್ಲ. ನಾವು ಗುರುಮಠದಲ್ಲಿ ಓದುತ್ತಿದ್ದಾಗ ಒಂದು ಪದಕ್ಕಾಗಿ ಗ್ರಂಥಾಲಯದ ಕಪಾಟಿನ ಬೀಗ ತೆಗೆಸಬೇಕಿತ್ತು. ಈ ಅನುಕೂಲವನ್ನು ಹಳಿಯುವುದು ಸಲ್ಲದು. ಆದರೆ ಆ ಭಾನುವಾರದ ತರಗತಿ ನಮಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಫೋನು ಒಂದು ಪದಕ್ಕೆ ಇನ್ನೊಂದು ಪದವನ್ನು ಕೊಟ್ಟಿತು. ಗಿಡವನ್ನು ತೋರಿಸಿದ್ದು ಅಜ್ಜಿ. ಇಂಥ ಹಿರಿಯರ ನಾಲಗೆಯಲ್ಲಿರುವ ಎಷ್ಟೋ ಮಾತುಗಳು ಯಾವ ಪುಸ್ತಕಕ್ಕೂ ಸೇರಿಲ್ಲ. ಹೊಗೆಸೊಪ್ಪು ಹದ ಮಾಡುವಾಗಿನ ಮಾತು, ಹೊಳೆಯ ಮೀನಿನ ಹೆಸರು, ಹಸುವಿನ ರೋಗಕ್ಕೆ ಕಟ್ಟುವ ಸೊಪ್ಪಿನ ಹೆಸರು ಅವರೊಂದಿಗೇ ಮಣ್ಣಾಗುತ್ತಿವೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶವಸಂಸ್ಕಾರದ ಬಲಿಪೂಜೆಯಲ್ಲಿ ನಾವು ಪುನರುತ್ಥಾನ, ನಿತ್ಯಜೀವ, ವಿಮೋಚನೆ ಎಂದು ಸುದೀರ್ಘವಾಗಿ ಪ್ರಬೋಧಿಸಿದೆವು. ಮುಗಿದ ಮೇಲೆ ಮಣ್ಣಿಗೆ ಹೋದವರ ಅಣ್ಣ ಕೈಮುಗಿದು, "ಚೆನ್ನಾಗಿ ಹೇಳಿದ್ರಿ ಸ್ವಾಮಿ. ನನ್ ತಮ್ಮ ಮತ್ತೆ ಸಿಕ್ತಾನಾ ಇಲ್ವಾ, ಅದೊಂದು ಹೇಳಿ" ಎಂದರು. ನಾವು ಅರ್ಧ ಗಂಟೆ ಹೇಳಿದ್ದು ಅದನ್ನೇ. ಅವರ ಮನೆಯ ಮಾತಿನಲ್ಲಿ ಹೇಳಿರಲಿಲ್ಲ, ಅಷ್ಟೇ. ಜೆರೋಮರು ರಾತ್ರಿಯೆಲ್ಲ ಕುಳಿತು ಕಲಿತದ್ದನ್ನು ನಾವು ಹಗಲಿನಲ್ಲೇ ಮರೆತಿದ್ದೆವು.

ಪ್ರಿಯ ಶಿಕ್ಷಕರೇ, ವಿದ್ಯಾರ್ಥಿಗಳೇ, ಈ ಹಬ್ಬದಲ್ಲಿ ಒಂದು ಚಿಕ್ಕ ಸಂಕಲ್ಪ ಮಾಡೋಣ. ಪವಿತ್ರ ಗ್ರಂಥ ಓದುವಾಗ ತಿಳಿಯದ ಪದ ಬಂದರೆ ದಾಟಿ ಹೋಗದಿರೋಣ. ಒಂದೇ ನಿಘಂಟಿಗೆ ತೃಪ್ತರಾಗದೆ ಎರಡರಲ್ಲಿ ನೋಡೋಣ. ಕೊಟ್ಟಿರುವ ಹಲವು ಅರ್ಥಗಳಲ್ಲಿ ವಾಕ್ಯಕ್ಕೆ ಹೊಂದುವುದನ್ನು ಆರಿಸೋಣ. ಕೊನೆಗೆ ಅದೇ ಪದವನ್ನು ಮನೆಯ ಹಿರಿಯರೊಬ್ಬರ ಬಳಿ ಕೇಳಿ, ಅವರು ಹೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡೋಣ. ಕಿಟೆಲ್ಲರೂ ಕೃಷ್ಣರೂ ಒಂದೊಂದೇ ಪದ ಬರೆಯುತ್ತ ಹೋದವರೇ.

ಸಂತ ಯೊವಾನ್ನರ ಶುಭಸಂದೇಶ ನಮ್ಮ ಪ್ರಭುವನ್ನು ವಾಕ್ಯವೆಂದೇ ಕರೆಯುತ್ತದೆ. ಆ ವಾಕ್ಯ ನಮ್ಮ ನಡುವೆ ಮನುಷ್ಯನಾಗಿ ನೆಲೆಸಿದಾಗ ಬಿತ್ತುವವನು, ಬಲೆ, ಹುಳಿಹಿಟ್ಟು, ಸಾಸಿವೆಕಾಳು ಎಂಬ ಮಾತುಗಳಲ್ಲೇ ಸ್ವರ್ಗಸಾಮ್ರಾಜ್ಯವನ್ನು ತಿಳಿಸಿತು. ಸಂತ ಜೆರೋಮರ ಪ್ರಾರ್ಥನೆಯ ನೆರವಿನಿಂದ, ಕೇಳುವ ಕಿವಿಯನ್ನೂ ತಿಳಿಯಾದ ನಾಲಗೆಯನ್ನೂ ದೇವರು ನಮಗೆಲ್ಲ ದಯಪಾಲಿಸಲಿ. ಆಮೆನ್.