ವರ್ಷದ ಕಾಳು: ಪುಣೆ ಸೀಮೆಯ ಮನೆ ದಾಸ್ತಾನು

ಪುಣೆ ಜಿಲ್ಲೆಯಲ್ಲಿ ಮಳೆ ಎಲ್ಲ ಕಡೆ ಒಂದೇ ಸಮನಾಗಿ ಬೀಳುವುದಿಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿಯ ಮಗ್ಗುಲಿನ ಮಾವಳ, ಮುಳಶಿಗಳಲ್ಲಿ ಧಾರಾಕಾರ ಸುರಿದು ಭತ್ತ ಬೆಳೆಯುತ್ತದೆ. ಪೂರ್ವಕ್ಕೆ ಶಿರೂರು, ಬಾರಾಮತಿ, ಇಂದಾಪುರಗಳ ಕಡೆಗೆ ಹೋದಂತೆ ಮಳೆ ಇಳಿಯುತ್ತದೆ, ಸಜ್ಜೆ ಜೋಳದ ಹೊಲಗಳು ಶುರುವಾಗುತ್ತವೆ. ಈ ಒಣ ಸೀಮೆ ಸೋಲಾಪುರ ದಾಟಿ ವಿಜಯಪುರ, ಬಾಗಲಕೋಟೆಗಳವರೆಗೂ ಒಂದೇ ಎನ್ನುವಂತೆ ಹಬ್ಬಿದೆ. ಇಲ್ಲಿ ಮಳೆರಾಯ ಕೈಕೊಡುವುದು ಅಪರೂಪವಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೆಳೆ ಕುಗ್ಗುವುದು ರೈತರು ಲೆಕ್ಕಕ್ಕೆ ಹಿಡಿದೇ ಇರುವ ಸಂಗತಿ. ಆದ್ದರಿಂದ ಸುಗ್ಗಿಯ ಕಾಳನ್ನು ಮುಂದಿನ ಸುಗ್ಗಿಯವರೆಗೆ ಮಾತ್ರವಲ್ಲ, ಅದರಾಚೆಯ ಒಂದೆರಡು ಕೆಟ್ಟ ವರ್ಷಗಳಿಗೂ ಒದಗುವಂತೆ ಇಡುವುದು ಇಲ್ಲಿನ ಒಕ್ಕಲುತನದ ಭಾಗವೇ ಆಗಿತ್ತು. ಮರಾಠಿ ಮನೆಗಳಲ್ಲಿ ಇದಕ್ಕೆ ಬೇಗಮಿ ಎನ್ನುತ್ತಾರೆ.

ಹೆಚ್ಚು ಕಾಲ ಕಾಳು ಉಳಿಸುವ ಸಾಧನವೆಂದರೆ ನೆಲದೊಳಗಿನ ಹಗೇವು, ಮರಾಠಿಯವರ ಪೇವ. ಇದಕ್ಕೆ ನೀರು ಜಿನುಗದ ಗಟ್ಟಿ ಗರಸು ನೆಲ ಬೇಕು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಅಗಲವಾದ ಹೊಟ್ಟೆ. ಹೀಗೆ ಗುಂಡಿ ತೋಡಿ, ಒಳಗೋಡೆಯನ್ನು ಸೆಗಣಿ ಮಣ್ಣಿನಿಂದ ಸಾರಿಸಿ, ಕೆಲವು ಕಡೆ ಒಳಗೆ ಬೆಂಕಿ ಹಾಕಿ ತೇವ ಇಂಗಿಸುತ್ತಿದ್ದರು. ತಳಕ್ಕೂ ಬದಿಗೂ ಒಣಹುಲ್ಲು, ಹೊಟ್ಟು, ಜೋಳದ ರವದಿ ಒತ್ತಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಮುಚ್ಚಿದ ಹಗೇವಿನಲ್ಲಿ ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತವೆ. ಔಷಧಿಯ ಹಂಗಿಲ್ಲದೆ ಜೋಳ ಹಲವು ವರ್ಷ ಉಳಿಯುವ ಗುಟ್ಟು ಇದೇ. ಅಪಾಯವೂ ಇದರಲ್ಲೇ ಇತ್ತು. ಬಾಯಿ ತೆಗೆದ ಕೂಡಲೇ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಅದಕ್ಕೇ ಬಾಯಿ ತೆಗೆದು ತಾಸುಗಟ್ಟಲೆ ಬಿಡುತ್ತಿದ್ದರು, ಉರಿಯುವ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಗೋಡೆಗೆ ತಾಗಿದ ಕಾಳು ಕಪ್ಪಾಗಿ ಮುಗ್ಗುತ್ತಿತ್ತು, ನಡುವಿನ ಕಾಳಿನ ರೊಟ್ಟಿಗೂ ಒಂದು ಮಣ್ಣುವಾಸನೆ ಇರುತ್ತಿತ್ತು. ಬಹುಕಾಲ ಹಗೇವಿನಲ್ಲಿದ್ದ ಜೋಳ ಬಿತ್ತನೆಗೆ ಬರುವುದಿಲ್ಲವಾದ್ದರಿಂದ ಬೀಜದ ಕಾಳಿಗೆ ಬೂದಿ ಬೆರೆಸಿ ಮಡಕೆಯಲ್ಲಿ ಬೇರೆಯೇ ಇಡುತ್ತಿದ್ದರು. ನೆಲದ ಮೇಲೆ ಗುರುತು ಕಾಣದಿರುವುದು ಹಗೇವಿನ ಇನ್ನೊಂದು ಅನುಕೂಲ. ದಂಡು ಹಾದುಹೋಗುವ ಸೀಮೆಯಲ್ಲಿ ಬರಕ್ಕಿಂತ ಲೂಟಿಯ ಭಯ ಕಡಿಮೆಯದ್ದೇನಲ್ಲ.

ಮಾವಳದ ಮಳೆಯಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಬಿದಿರಿನಿಂದ ಹೆಣೆದು ಸೆಗಣಿ ಮೆತ್ತಿದ ಕಣಗಿಗಳನ್ನು ಮನೆಯೊಳಗೇ ನಿಲ್ಲಿಸಿ ಭತ್ತ ತುಂಬುತ್ತಿದ್ದರು. ಸಿಪ್ಪೆಯೊಳಗಿನ ಅಕ್ಕಿಗೆ ಹುಳು ಬೇಗ ಹತ್ತುವುದಿಲ್ಲ, ಬೇಕಾದಷ್ಟನ್ನೇ ಕುಟ್ಟಿಕೊಂಡರಾಯಿತು. ಪುಣೆ ಪೇಟೆಯ ವಾಡೆಗಳಲ್ಲಿ ದಪ್ಪ ಗೋಡೆಯ ಒಳಗೋ ನೆಲದ ಕೆಳಗೋ ಬಳದ ಎಂಬ ಕಾಳಿನ ಗೂಡು ಕಟ್ಟುತ್ತಿದ್ದರು. ಮೇಲಿನಿಂದ ಸುರಿದ ಕಾಳನ್ನು ಕೆಳಗಿನ ಸಣ್ಣ ಕಿಂಡಿಯಿಂದ ತೆಗೆಯುವ ಏರ್ಪಾಡು. ಹಳೆಯದು ಮೊದಲು ಖರ್ಚಾಗುವಂತೆ ಕಟ್ಟಡವೇ ನೋಡಿಕೊಳ್ಳುತ್ತಿತ್ತು. ಅರಸೊತ್ತಿಗೆಯ ಮಟ್ಟದಲ್ಲಿ ಇದೇ ಕೆಲಸಕ್ಕೆ ಅಂಬರಖಾನೆಗಳಿದ್ದವು. ಕೊಲ್ಲಾಪುರದ ಬಳಿ ಪನ್ಹಾಳಾ ಕೋಟೆಯಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಲ್ಲಿನ ಕಣಜಗಳು ಇಂದಿಗೂ ನಿಂತಿವೆ. ಆದರೆ ಸರಕಾರದ ಕಣಜ ಊರಿನ ಹಸಿವಿಗೆಂದು ತುಂಬಿದ್ದಲ್ಲ, ಮುತ್ತಿಗೆಯ ಕಾಲದ ಸೈನ್ಯಕ್ಕೆಂದು ತುಂಬಿದ್ದು. ಬಸವಣ್ಣನವರ ಹೆಸರಿನ ಜೊತೆ ಕನ್ನಡಿಗರು ನೆನೆಯುವ ಮಂಗಳವೇಡೆಯಲ್ಲಿ ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ದಾಮಾಜಿಪಂತರು ಬರದಲ್ಲಿ ಸರಕಾರಿ ಕಣಜದ ಬಾಗಿಲು ತೆಗೆದು ಜನರಿಗೆ ಹಂಚಿದರು, ಪಂಢರಪುರದ ವಿಠಲನೇ ವೇಷ ಮರೆಸಿ ಬಂದು ಅದರ ಬೆಲೆ ಕಟ್ಟಿದ ಎಂಬ ಕಥೆ ಇದೆ. ತೆಗೆದ ಕಣಜದ ಬೆಲೆ ಕಟ್ಟಲು ದೇವರೇ ಬರಬೇಕಾಯಿತೆಂದರೆ ಅದು ಎಷ್ಟು ಅಪರೂಪದ ಘಟನೆಯಾಗಿದ್ದಿರಬೇಕು!

ಪುಣೆಯ ಇತಿಹಾಸದಲ್ಲಿ ಮೊದಲು ಸ್ಪಷ್ಟವಾಗಿ ಕಾಣುವ ದೊಡ್ಡ ಕ್ಷಾಮ 1630-32ರದು. ಅದೇ ಹೊತ್ತಿಗೆ ವಿಜಯಪುರದ ಆದಿಲ್‌ಶಾಹಿ ಸರದಾರ ಮುರಾರ ಜಗದೇವ ಪುಣೆಯನ್ನು ಸುಟ್ಟು, ಕತ್ತೆ ಹೂಡಿ ನೆಲ ಉಳುಮೆ ಮಾಡಿಸಿದನೆಂದು ಪ್ರತೀತಿ. ಮಳೆಯೂ ಇಲ್ಲ, ದಂಡಿನ ಕಾಟವೂ ತಪ್ಪಲಿಲ್ಲ. ಪುಣೆಯ ಹತ್ತಿರದ ದೇಹುವಿನ ತುಕಾರಾಮರು ಈ ಬರವನ್ನು ಕಂಡವರು. ಅವರದು ಕಾಳುಕಡಿಯ ವ್ಯಾಪಾರವೂ ಲೇವಾದೇವಿಯೂ ಇದ್ದ ಅನುಕೂಲಸ್ಥ ಮನೆತನ. ಆದರೂ ಅವರ ಹೆಂಡತಿಯರಲ್ಲಿ ಒಬ್ಬರು ಅನ್ನಕ್ಕಾಗಿ ಹಲುಬುತ್ತ ಸತ್ತರು; ಅಭಂಗವೊಂದರಲ್ಲಿ ತುಕಾರಾಮರೇ ಇದನ್ನು ಹೇಳಿಕೊಂಡಿದ್ದಾರೆ. ಅಂಗಡಿಯವರ ಮನೆಯ ಕಾಳೇ ಸಾಲದಾದ ಮೇಲೆ ಉಳಿದವರ ಪಾಡು ಹೇಳಬೇಕಿಲ್ಲ. ಕ್ಷಾಮದ ನಂತರ ಅವರು ತಮ್ಮ ಪಾಲಿನ ಸಾಲಪತ್ರಗಳನ್ನು ಇಂದ್ರಾಯಣಿ ನದಿಗೆ ಹಾಕಿದರೆಂದು ಪರಂಪರೆ ಹೇಳುತ್ತದೆ.

1791-92ರಲ್ಲಿ ಡೋಗಿ ಬರ ಬಂತು. 1802ರ ಅಕ್ಟೋಬರ್ 25ರಂದು ಹಡಪಸರದ ಬಳಿ ಯಶವಂತರಾವ್ ಹೋಳ್ಕರ್ ಪೇಶ್ವೆಯ ಸೈನ್ಯವನ್ನು ಸೋಲಿಸಿದ ಮೇಲೆ ಸೀಮೆಯೆಲ್ಲ ದಂಡುಗಳ ಬಾಯಿಗೆ ಬಿತ್ತು. ಮರುವರ್ಷ ಮಳೆಯೂ ಕೈಕೊಟ್ಟು 1803-04ರ ಕ್ಷಾಮವಾಯಿತು. ಮನೆ ದಾಸ್ತಾನು ಒಂದು ಬೆಳೆ ಕೆಟ್ಟರೆ ತಡೆದೀತು. ಬೆಳೆಯ ಜೊತೆಗೆ ದಾಸ್ತಾನೂ ಲೂಟಿಯಾದರೆ ಏನೂ ಉಳಿಯದು.

ಯಾರ ಮನೆಯಲ್ಲಿ ಎಷ್ಟು ಕಾಳು ಇರಲು ಸಾಧ್ಯವಿತ್ತು ಎಂಬ ಪ್ರಶ್ನೆಯನ್ನು ಹಳೆಯ ಕಾಲದ ಸಮೃದ್ಧಿಯ ಮಾತಾಡುವವರು ಸಾಮಾನ್ಯವಾಗಿ ಕೇಳುವುದಿಲ್ಲ. ದಿನಕ್ಕೆ ತಲೆಗೆ ಸರಾಸರಿ ಅರ್ಧ ಕಿಲೋ ಎಂದು ಹಿಡಿದರೆ ಐದು ಜನರ ಮನೆಗೆ ವರ್ಷಕ್ಕೆ ಒಂಬತ್ತು ಕ್ವಿಂಟಾಲ್ ಜೋಳ ಬೇಕು. ಮಳೆಯಾಶ್ರಿತ ಹೊಲ ಎಕರೆಗೆ ಎರಡು ಮೂರು ಕ್ವಿಂಟಾಲ್ ಕೊಟ್ಟರೆ ಬರೀ ಉಣ್ಣಲಿಕ್ಕೇ ಮೂರು ನಾಲ್ಕು ಎಕರೆಯ ಬೆಳೆ ಹೋಗುತ್ತದೆ. ಕಂದಾಯ, ಬೀಜ, ಬಟ್ಟೆಬರೆ, ಮದುವೆ ಮುಂಜಿ ಕಳೆದು ಹಗೇವಿಗೆ ಹಾಕಲು ಉಳಿಯಬೇಕಾದರೆ ಅದರ ಎರಡು ಮೂರು ಪಟ್ಟು ಭೂಮಿ ಬೇಕು. ಬಡಿಗ, ಕಮ್ಮಾರ, ಕುಂಬಾರ, ಮಹಾರ, ಮಾಂಗರಿಗೆ ಸಿಗುತ್ತಿದ್ದುದು ಕಣದಲ್ಲಿ ಅಳೆದುಕೊಡುವ ಬಲುತೆ, ನಮ್ಮ ಕಡೆಯ ಆಯ. ಕಣ ತುಂಬಿದರೆ ಅವರ ಪಾಲೂ ತುಂಬುತ್ತಿತ್ತು, ಕಣ ಬರಿದಾದ ವರ್ಷ ಮೊದಲು ಬರಿದಾಗುತ್ತಿದ್ದುದು ಅವರ ಮಡಕೆ. ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್ ಮತ್ತು ಅವರ ಸಂಗಡಿಗರು ಪಿಂಪಳೆ ಸೌದಾಗರದ ಬಗ್ಗೆ 1917ರಲ್ಲೂ ಜಾತೇಗಾಂವ ಬುದ್ರುಕದ ಬಗ್ಗೆ 1921ರಲ್ಲೂ ಪ್ರಕಟಿಸಿದ ಅಧ್ಯಯನಗಳು ಮನೆಮನೆಯ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ: ಎರಡೂ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ಆದಾಯ ಅವುಗಳ ಖರ್ಚಿಗೇ ಸಾಲುತ್ತಿರಲಿಲ್ಲ. (ಆ ಪಿಂಪಳೆ ಸೌದಾಗರ ಈಗ ಪಿಂಪ್ರಿ-ಚಿಂಚ್ವಡದ ಅಪಾರ್ಟ್‌ಮೆಂಟುಗಳ ಬಡಾವಣೆ.)

ಹತ್ತೊಂಬತ್ತನೇ ಶತಮಾನದಲ್ಲಿ ಹಗೇವು ರೈತನ ಕೈತಪ್ಪಿ ಸಾವಕಾರನದಾಯಿತು. ಕಂದಾಯವನ್ನು ನಗದಾಗಿ, ಗೊತ್ತಾದ ಗಡುವಿಗೆ ಕಟ್ಟಬೇಕು. ಅದಕ್ಕೆ ಸಾಲ, ಸಾಲಕ್ಕೆ ಸುಗ್ಗಿಯ ಕಾಳು. ಊರಲ್ಲಿ ಕಾಳು ಇರುತ್ತಿತ್ತು, ಆದರೆ ಬೆಳೆದವನ ಮನೆಯಲ್ಲಿ ಅಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಲೇವಾದೇವಿಗಾರರ ಅಂಗಡಿ ಮನೆಗಳಿಗೆ ನುಗ್ಗಿ ಸಾಲಪತ್ರ ಸುಟ್ಟ ದಖ್ಖನ್ ದಂಗೆಯ ಹಿನ್ನೆಲೆ ಇದು. ರೈಲು 1858ರಲ್ಲಿ ಪುಣೆಗೆ, 1860ರಲ್ಲಿ ಸೋಲಾಪುರಕ್ಕೆ, 1871ರಲ್ಲಿ ರಾಯಚೂರಿಗೆ ಬಂತು. ಒಳ್ಳೆಯ ಬೆಲೆ ಬಂದರೆ ಕಾಳು ಮುಂಬಯಿಗೆ ಹೋಗುವಂತಾದ ಮೇಲೆ ನಾಲ್ಕಾರು ವರ್ಷ ಅದನ್ನು ನೆಲದಡಿ ಹೂತಿಡುವುದು ನಷ್ಟದ ಬಾಬತ್ತೆನಿಸಿತು.

1876ರಲ್ಲಿ, ಧಾತು ಸಂವತ್ಸರದ ಬರ ಬಂದಾಗ, ಈ ಬದಲಾವಣೆಯ ಫಲ ಕಂಡಿತು. ರೈಲು ಇದ್ದ ಕಡೆ ಕಾಳು ಬರುತ್ತಿತ್ತು, ಕೊಳ್ಳಲು ದುಡ್ಡಿರಲಿಲ್ಲ. ರೈಲಿಲ್ಲದ ಕಲಾದಗಿ ಜಿಲ್ಲೆಗೆ, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ ಸೀಮೆಗೆ, ಕಾಳು ಮುಟ್ಟಿಸುವುದೇ ಕಷ್ಟ. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದಾಣೆ ಸಾಕೆಂದು ಭಾರತ ಸರಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದರು. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ವಿರೋಧಿಸಿದರು. ಮುಂಬಯಿ ಪ್ರಾಂತದ ಕೂಲಿಗಳು ಕೆಲಸ ಬಿಟ್ಟು ಎದ್ದುಹೋದರು. 1870ರಲ್ಲಿ ಹುಟ್ಟಿದ್ದ ಪುಣೆ ಸಾರ್ವಜನಿಕ ಸಭೆ, ಗಣೇಶ ವಾಸುದೇವ ಜೋಶಿಯವರ ನೇತೃತ್ವದಲ್ಲಿ, ಅವರ ಪರ ಸರಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ಈ ಕ್ಷಾಮದ ನಂತರವೇ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ ಗದಗ-ಹೋಟಗಿ ದಾರಿ ಬಂತು.

ಪುಣೆ ಪೇಟೆಯ ದಾಸ್ತಾನಿಗೆ ಇನ್ನೊಂದು ಪೆಟ್ಟು 1896-97ರ ಪ್ಲೇಗಿನದು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪ್ಲೇಗು. ಇಲಿಯ ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಸಿಮೊಂ 1898ರಲ್ಲಿ ಹೇಳುವ ಮೊದಲೇ ಸೈನಿಕರು ಪೇಠೆಗಳ ಮನೆಗಳಿಗೆ ನುಗ್ಗಿ ಸಾಮಾನು ಹೊರಗೆಸೆದು ಶೋಧಿಸುವ ಕೆಲಸ ನಡೆಸಿದ್ದರು.

ಇಷ್ಟರಲ್ಲಿ ನಗರದಲ್ಲಿ ಬೇರೊಂದು ಬಗೆಯ ಬೇಗಮಿ ಬೆಳೆದಿತ್ತು. ಕಚೇರಿ, ಶಾಲೆ, ರೈಲ್ವೆಗಳ ಸಂಬಳದವರು ಹೊಲವಿಲ್ಲದಿದ್ದರೂ ಬೇಸಗೆಯಲ್ಲಿ ವರ್ಷದ ಕಾಳನ್ನು ಒಟ್ಟಿಗೆ ಕೊಳ್ಳತೊಡಗಿದರು. ಜನವರಿ-ಫೆಬ್ರುವರಿಗೆ ಹೊಸ ತೊಗರಿ, ಬೆಲ್ಲ, ಆಮೇಲೆ ಹಿಂಗಾರಿ ಜೋಳ, ಹುಣಸೆಹಣ್ಣು, ಮಾರ್ಚ್-ಏಪ್ರಿಲ್‌ಗೆ ಗೋದಿ. ಅಕ್ಕಿ ಮಾತ್ರ ಹಳೆಯದೇ ಆಗಬೇಕು, ಹೊಸ ಆಂಬೆಮೋಹರ ಮುದ್ದೆಯಾಗುತ್ತದೆ. ಮೆಣಸಿನಕಾಯಿ ಬೆಳಗಾವಿ ಕಡೆಯ ಸಂಕೇಶ್ವರದ್ದು ಖಾರಕ್ಕೆ, ಬ್ಯಾಡಗಿಯದು ಬಣ್ಣಕ್ಕೆ. ಭವಾನಿ ಪೇಠೆ, ನಾನಾ ಪೇಠೆಗಳ ಭುಸಾರ, ಅಂದರೆ ಕಾಳುಕಡಿಯ, ಅಂಗಡಿಗಳಿಂದ ಚೀಲಗಳು ಕೈಗಾಡಿಯಲ್ಲಿ ಮನೆಗೆ ಬಂದರೆ ಒಂದು ವಾರ ಅಂಗಳ, ಮಾಳಿಗೆ ಎಲ್ಲ ಕಾಳೇ. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಎರಡು ಮೂರು ಬಿಸಿಲು ಕಾಣಿಸಿ, ಬಿಸಿ ಆರಿದ ಮೇಲೆಯೇ ತುಂಬಬೇಕು. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವೆತು ಕೆಡುತ್ತದೆ. ತೊಗರಿಗೂ ಗೋದಿಗೂ ಹರಳೆಣ್ಣೆಯ ಕೈ ಸವರಿ, ನಡುನಡುವೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿ, ತಗಡಿನ ಕೋಠಿಗೆ ಸುರಿಯುತ್ತಿದ್ದರು. ಅಕ್ಕಿಗೆ ಬೋರಿಕ್ ಪುಡಿ. ಕೆಲವರು ಪಾದರಸದ ಗುಳಿಗೆಯನ್ನೂ ಬಟ್ಟೆಯಲ್ಲಿ ಕಟ್ಟಿ ಹಾಕುತ್ತಿದ್ದರು. ಅನ್ನದ ಪಾತ್ರೆಯ ಹತ್ತಿರ ಪಾದರಸ ಸುಳಿಯಬಾರದಿತ್ತು, ಆದರೆ ಆಗ ಯಾರೂ ಅದನ್ನು ವಿಷವೆಂದು ಎಣಿಸಲಿಲ್ಲ.

ಏಪ್ರಿಲ್-ಮೇ ತಿಂಗಳ ಬಿಸಿಲು ಹೆಂಗಸರ ದುಡಿಮೆಯ ಕಾಲ. ಹಪ್ಪಳ, ಸಂಡಿಗೆ, ಶಾವಿಗೆ, ಗೋದಿ ನೆನೆಸಿ ಹಾಲು ತೆಗೆದು ಒತ್ತುವ ಕುರುಡಿಗೆ, ವರ್ಷದ ಖಾರಪುಡಿ, ಗೋಡಾ ಮಸಾಲೆ, ನಮ್ಮ ಮೆಂತ್ಯಹಿಟ್ಟಿನ ಬಂಧುವಾದ ಮೆತಕೂಟ, ಕೊನೆಗೆ ಬರಣಿಗಳಲ್ಲಿ ಮಾವಿನ ಉಪ್ಪಿನಕಾಯಿ. ಜೂನ್ ಮೊದಲ ವಾರ ಮೃಗಶಿರಾ ಮಳೆ ಹೂಡುವುದರೊಳಗೆ ಎಲ್ಲದರ ಬಾಯಿ ಕಟ್ಟಿರಬೇಕು. ಮಳೆಗಾಲದಲ್ಲಿ ತರಕಾರಿ ತುಟ್ಟಿ, ದಾರಿ ಕೆಸರು, ಮಾಳಿಗೆಯ ಸಂಡಿಗೆ ಡಬ್ಬಿಯೇ ಆಧಾರ. ಪುಣೆಗೆ ಬಂದು ನೆಲೆಸಿದ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಸೇರಿಕೊಂಡವು.

ಎರಡನೇ ಮಹಾಯುದ್ಧದಲ್ಲಿ ಪಡಿತರ ಬಂತು; ಮುಂಬಯಿಯಲ್ಲಿ 1943ರ ಮೇ ತಿಂಗಳಲ್ಲಿ ಶುರುವಾಗಿ ಪ್ರಾಂತದ ಇತರ ನಗರಗಳಿಗೂ ಹಬ್ಬಿತು. ತಿಂಗಳ ಚೀಟಿಯ ಮೇಲೆ ಬದುಕುವ ಕಾಲದಲ್ಲಿ ವರ್ಷದ ಕಾಳು ತುಂಬುವವರನ್ನು ಕಳ್ಳ ದಾಸ್ತಾನುಗಾರರ ಸಾಲಿಗೆ ಸೇರಿಸುವ ನೋಟವೂ ಬೆಳೆಯಿತು. 1955ರ ಅಗತ್ಯ ವಸ್ತುಗಳ ಕಾಯ್ದೆಯ ಗುರಿ ವ್ಯಾಪಾರಿಯೇ ಹೊರತು ಗೃಹಿಣಿಯಲ್ಲ, ಆದರೆ ಊರ ಮಾತಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ.

1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕವಾಸಲಾ ಅಣೆಯೂ ಒಡೆದು, ಮುಠಾ ನದಿ ಶನಿವಾರ, ನಾರಾಯಣ, ಕಸಬಾ ಪೇಠೆಗಳಿಗೆ ನುಗ್ಗಿತು. ಜುಲೈ ಎಂದರೆ ಬೇಸಗೆಯಲ್ಲಿ ತುಂಬಿದ ಕೋಠಿಗಳು ಇನ್ನೂ ಅಂಚಿನವರೆಗೆ ತುಂಬಿರುವ ಹೊತ್ತು. ನೆಲಮನೆಗಳವರ ಇಡೀ ವರ್ಷದ ಕಾಳು ಒಂದೇ ಹಗಲಿನಲ್ಲಿ ನೀರುಪಾಲಾಯಿತು. ಆ ಪ್ರವಾಹದಲ್ಲಿ ಕುಸಿದ ವಾಡೆಗಳ ಜಾಗದಲ್ಲಿ ಎದ್ದ ಕಟ್ಟಡಗಳಲ್ಲಿ ಬಳದಕ್ಕೆ ಗೋಡೆಯ ದಪ್ಪವೇ ಇರಲಿಲ್ಲ.

1972ರ ಬರದಲ್ಲಿ ಮಹಾರಾಷ್ಟ್ರದ ಹಳ್ಳಿಗಳು ಬದುಕಿದ್ದು ಮನೆಯ ಕಾಳಿನಿಂದಲ್ಲ. ಕಾಮಗಾರಿಯ ಕೂಲಿ, ಹೊರದೇಶದಿಂದ ಬಂದ ಕೆಂಪು ಮೈಲೋ ಜೋಳ ಮತ್ತು ಸುಕಡಿ ಎಂಬ ಪೌಷ್ಟಿಕ ಪುಡಿ ಅವರನ್ನು ಉಳಿಸಿದವು. ಉದ್ಯೋಗ ಖಾತರಿ ಯೋಜನೆ ಅದೇ ಬರದಲ್ಲಿ ರೂಪುಗೊಂಡು 1977ರಲ್ಲಿ ಕಾಯ್ದೆಯಾಯಿತು. ಹಗೇವುಗಳು ಹೂತುಹೋದವು. ಈಚಿನವರೆಗೂ ಅವು ಕೆಲಸಕ್ಕೆ ಬರುತ್ತಿದ್ದುದು ಸಾಂಗಲಿಯ ಬಳಿಯ ಹರಿಪುರದಲ್ಲಿ, ಅದೂ ಅರಿಸಿನದ ವ್ಯಾಪಾರಿಗಳ ದಾಸ್ತಾನಿಗೆ. 2005ರ ಕೃಷ್ಣಾ ಪ್ರವಾಹದಲ್ಲಿ ಅವುಗಳಲ್ಲೂ ಅನೇಕವು ಹಾಳಾದವು.

ಪುಣೆಯ ಗುಲಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ವರ್ಷದ ಗೋದಿ, ಅಕ್ಕಿ ಕೊಳ್ಳುವವರು ಈಗಲೂ ಬರುತ್ತಾರೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದದ್ದು ಇದೇ ಹಂಗಾಮಿನ ನಡುವೆ. ಆಗಷ್ಟೇ ಕೋಠಿ ತುಂಬಿಸಿಕೊಂಡಿದ್ದ ಮನೆಗಳು ನೆಮ್ಮದಿಯಾಗಿ ಬಾಗಿಲು ಹಾಕಿಕೊಂಡವು, ವಿಜಯಪುರ, ಯಾದಗಿರಿ ಕಡೆಯಿಂದ ಗುಳೆ ಬಂದು ದಿನದ ಕೂಲಿಯಲ್ಲಿ ದಿನದ ಹಿಟ್ಟು ಕೊಳ್ಳುತ್ತಿದ್ದ ಕಟ್ಟಡ ಕಾರ್ಮಿಕರು ಊರಿನ ದಾರಿ ಹಿಡಿದರು. ಇಂಥ ಕೋಠಿಯಿಲ್ಲದವರ ಪಾಲಿಗೆ ಇರುವುದು ಪಡಿತರ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅರ್ಹ ಮನೆಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಗೊತ್ತುಮಾಡಿದೆ.